ದಿಗಂತ ಕಾಣದ ಇರುಳು

ಮಳೆ, ಮಂಜು, ಹಿಮಪಾತಗಳ ನಡುವೆ ಸಣ್ಣ ವಿಮಾನವೊಂದು ನೆಲಕ್ಕೆ ಬಿದ್ದಾಗ ಮರುದಿನದ ಪತ್ರಿಕೆಗಳು ಪ್ರತಿಕೂಲ ಹವಾಮಾನವೇ ಕಾರಣವೆಂದು ಬರೆಯುತ್ತವೆ, ಓದುಗರೂ ಆ ಮಾತನ್ನು ಒಪ್ಪಿಕೊಂಡು ಮುಂದಿನ ಸುದ್ದಿಗೆ ಹೊರಳುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಏಕೆಂದರೆ ಗಾಳಿಯ ಹೊಡೆತಕ್ಕೆ ರೆಕ್ಕೆ ಮುರಿದೋ ಸಿಡಿಲು ಬಡಿದೋ ಬೀಳುವ ವಿಮಾನಗಳಿರುವಂತೆಯೇ, ಯಾವ ಭಾಗವೂ ಕೆಡದೆ, ಇಂಜಿನ್ ಸರಿಯಾಗಿಯೇ ಓಡುತ್ತಿರುವಾಗ, ಪೈಲಟ್‌ಗೆ ಹೊರಗಿನದೇನೂ ಕಾಣದೆ ಹೋದ ಒಂದೇ ಕಾರಣಕ್ಕೆ ನೆಲಕ್ಕೆ ಅಪ್ಪಳಿಸುವ ವಿಮಾನಗಳೂ ಬಹಳ ಇವೆ. ಈ ಎರಡನೆಯ ಬಗೆಯ ಅಪಘಾತದಲ್ಲಿ ಹವಾಮಾನವು ವಿಮಾನಕ್ಕೆ ಮಾಡುವುದೇನೂ ಇಲ್ಲ, ಅದು ಮನುಷ್ಯನ ಕಣ್ಣಿಗೆ ಪರದೆ ಹಾಕುತ್ತದೆ, ಅಷ್ಟೆ. ಉಳಿದದ್ದು ಅವನ ದೇಹದಿಂದ, ಅವನ ಮುಂದಿರುವ ಉಪಕರಣಗಳಿಂದ ಮತ್ತು ನೆಲದ ಮೇಲಿದ್ದವರು ಅವನಿಗೆ ಹೇಳಿದ ಅಥವಾ ಹೇಳದೇ ಬಿಟ್ಟ ಸಂಗತಿಗಳಿಂದ ನಡೆದುಹೋಗುತ್ತದೆ. ಅಮೆರಿಕದ ಐಯೋವಾ ರಾಜ್ಯದ ಕ್ಲಿಯರ್ ಲೇಕ್ ಎಂಬ ಊರಿನ ಬಳಿ 1959ರ ಫೆಬ್ರುವರಿ 3ರ ನಡುರಾತ್ರಿಯ ನಂತರ ನಡೆದ ಅಪಘಾತವು ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವಾಗಿದ್ದು, ಅದರ ತನಿಖೆಯ ವಿವರಗಳು ಇಂದಿಗೂ ಗಮನವಿಟ್ಟು ಓದಬೇಕಾದಂಥವು.

ಈ ಅಪಘಾತ ಲೋಕಪ್ರಸಿದ್ಧವಾದದ್ದು ಅದರಲ್ಲಿ ಮಡಿದವರಿಂದ. ರಾಕ್ ಆ್ಯಂಡ್ ರೋಲ್ ಎಂಬ ಸಂಗೀತಪ್ರಕಾರ ಇನ್ನೂ ಎಳೆಯದಾಗಿದ್ದ ಆ ಕಾಲದಲ್ಲಿ 22 ವರ್ಷದ ಬಡಿ ಹಾಲಿ, 17 ವರ್ಷದ ರಿಚಿ ವ್ಯಾಲೆನ್ಸ್, 'ಬಿಗ್ ಬಾಪರ್' ಎಂಬ ಹೆಸರಿನಿಂದ ಖ್ಯಾತನಾಗಿದ್ದ 28 ವರ್ಷದ ಜೆ. ಪಿ. ರಿಚರ್ಡ್‌ಸನ್ ಮೂವರೂ ಮನೆಮಾತಾಗಿದ್ದ ಗಾಯಕರು. ಕೀಟದ ಹೆಸರನ್ನೇ ತನ್ನದಾಗಿಸಿಕೊಂಡಿದ್ದ ಹಾಲಿಯ 'ಕ್ರಿಕೆಟ್ಸ್' ತಂಡವೇ ಮುಂದೆ ಇಂಗ್ಲೆಂಡಿನ ಬೀಟಲ್ಸ್ ತಂಡದ ಹೆಸರಿಗೂ ಪ್ರೇರಣೆಯಾಯಿತು. 'ವಿಂಟರ್ ಡಾನ್ಸ್ ಪಾರ್ಟಿ' ಎಂಬ ಹೆಸರಿನಲ್ಲಿ 24 ದಿನಗಳಲ್ಲಿ 24 ಊರುಗಳನ್ನು ಮುಗಿಸಬೇಕೆಂದು ಹೊರಟಿದ್ದ ಈ ಕಲಾವಿದರ ಬಸ್ಸಿನಲ್ಲಿ ಒಳಗನ್ನು ಬೆಚ್ಚಗಿಡುವ ಸಾಧನ ಮತ್ತೆ ಮತ್ತೆ ಕೈಕೊಡುತ್ತಿತ್ತು, ಡ್ರಮ್ ನುಡಿಸುವ ಯುವಕನೊಬ್ಬನ ಕಾಲುಗಳು ಚಳಿಗೆ ಮರಗಟ್ಟಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು. ಕ್ಲಿಯರ್ ಲೇಕ್‌ನ ಸರ್ಫ್ ಬಾಲ್‌ರೂಮ್‌ನಲ್ಲಿ ಫೆಬ್ರುವರಿ 2ರ ರಾತ್ರಿಯ ಕಾರ್ಯಕ್ರಮ ಮುಗಿದ ಮೇಲೆ ಮುನ್ನೂರು ಮೈಲಿಗೂ ಮೀರಿದ ದಾರಿಯನ್ನು ಅದೇ ಬಸ್ಸಿನಲ್ಲಿ ಸವೆಸುವ ಬದಲು, ಸಮೀಪದ ಮೇಸನ್ ಸಿಟಿಯಿಂದ ನಾರ್ತ್ ಡಕೋಟಾದ ಫಾರ್ಗೋವರೆಗೆ ಬಾಡಿಗೆ ವಿಮಾನದಲ್ಲಿ ಹೋಗಿ, ಬಟ್ಟೆ ಒಗೆಸಿಕೊಂಡು ಕೆಲವು ಗಂಟೆ ನಿದ್ದೆ ಮಾಡುವ ಯೋಚನೆ ಹಾಲಿಯದು. ತಲೆಗೆ 36 ಡಾಲರ್ ಬಾಡಿಗೆ, ಮೂರೇ ಆಸನ. ಜ್ವರದಿಂದ ಬಳಲುತ್ತಿದ್ದ ರಿಚರ್ಡ್‌ಸನ್‌ಗೆ ಹಾಲಿಯ ಜೊತೆಗಿದ್ದ ವಾದ್ಯಗಾರ ವೇಲನ್ ಜೆನಿಂಗ್ಸ್ ತನ್ನ ಜಾಗ ಬಿಟ್ಟುಕೊಟ್ಟದ್ದು, ಇನ್ನೊಂದು ಜಾಗಕ್ಕಾಗಿ ಮತ್ತೊಬ್ಬ ವಾದ್ಯಗಾರ ಟಾಮಿ ಆಲ್ಸಪ್ ಮತ್ತು ವ್ಯಾಲೆನ್ಸ್ ನಾಣ್ಯ ಚಿಮ್ಮಿದ್ದು, ಅದರಲ್ಲಿ ವ್ಯಾಲೆನ್ಸ್ ಗೆದ್ದದ್ದು ಸಂಗೀತ ಪ್ರೇಮಿಗಳು ಇಂದಿಗೂ ಹೇಳಿಕೊಳ್ಳುವ ಸಂಗತಿಗಳು. ಇವು ವಿಧಿಯ ಆಟದಂತೆ ತೋರುವುದು ಸಹಜ, ಆದರೆ ವಿಮಾನದಲ್ಲಿ ಯಾರಿದ್ದರು ಎಂಬುದನ್ನು ಮಾತ್ರ ಇವು ವಿವರಿಸುತ್ತವೆಯೇ ಹೊರತು ಅದು ಏಕೆ ಬಿದ್ದಿತು ಎಂಬುದನ್ನಲ್ಲ.

ಆ ವಿಮಾನ 1947ರಲ್ಲಿ ತಯಾರಾದ ಬೀಚ್‌ಕ್ರಾಫ್ಟ್ ಬೊನಾನ್ಜಾ. ಒಂದೇ ಇಂಜಿನ್, ನಾಲ್ಕು ಆಸನ, ಇಂಗ್ಲಿಷಿನ 'ವಿ' ಅಕ್ಷರದಂತೆ ಕವಲೊಡೆದ ಬಾಲ. ಅದನ್ನು ನಡೆಸಿದವನು 21 ವರ್ಷದ ಸ್ಥಳೀಯ ಪೈಲಟ್, ಒಟ್ಟು 711 ಗಂಟೆಗಳ ಹಾರಾಟದ ಅನುಭವವಿದ್ದವನು, ಅದರಲ್ಲಿ 128 ಗಂಟೆ ಇದೇ ಮಾದರಿಯ ವಿಮಾನದಲ್ಲಿ ಕಳೆದವನು. ವಿಮಾನ ಹಾರಿಸುವುದರಲ್ಲಿ ಕಣ್ಣಿನ ಹಾರಾಟ ಮತ್ತು ಉಪಕರಣದ ಹಾರಾಟ ಎಂದು ಎರಡು ಬಗೆಗಳಿವೆ: ಮೊದಲನೆಯದರಲ್ಲಿ ಪೈಲಟ್ ಹೊರಗಿನ ನೆಲ, ಆಕಾಶ, ಅವೆರಡೂ ಸೇರುವ ದಿಗಂತರೇಖೆಯನ್ನು ನೋಡುತ್ತ ವಿಮಾನವನ್ನು ಸಮತಟ್ಟಾಗಿ ಇಟ್ಟುಕೊಳ್ಳುತ್ತಾನೆ, ಎರಡನೆಯದರಲ್ಲಿ ಹೊರಗೆ ನೋಡುವುದನ್ನೇ ಬಿಟ್ಟು ಎದುರಿನ ಫಲಕದಲ್ಲಿರುವ ಮುಳ್ಳು, ಬಿಲ್ಲೆಗಳನ್ನು ಮಾತ್ರ ನಂಬಿ ಹಾರಿಸುತ್ತಾನೆ, ಇದಕ್ಕೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಅರ್ಹತಾಪತ್ರ ಬೇಕು. ಈ ಯುವಕ 52 ಗಂಟೆಗಳ ಉಪಕರಣ ತರಬೇತಿ ಪಡೆದು ಲಿಖಿತ ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದರೂ 1958ರ ಮಾರ್ಚ್‌ನಲ್ಲಿ ಹಾರಾಟದ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿದ್ದ. ಅವನು ಕೆಲಸ ಮಾಡುತ್ತಿದ್ದ ಸಂಸ್ಥೆಗೂ ಕಣ್ಣಿನ ಹಾರಾಟಕ್ಕೆ ಮಾತ್ರ ಪರವಾನಗಿ ಇತ್ತು. ವಿಮಾನವನ್ನು ತಾನಾಗಿಯೇ ಸಮತೋಲದಲ್ಲಿಡುವ ಆಟೋಪೈಲಟ್ ಎಂಬ ಯಂತ್ರವನ್ನು ಅದರಲ್ಲಿ ಹೊಸದಾಗಿ ಅಳವಡಿಸಲಾಗಿತ್ತಾದರೂ ಅದು ಇನ್ನೂ ಕೆಲಸ ಮಾಡುವ ಸ್ಥಿತಿಗೆ ಬಂದಿರಲಿಲ್ಲ.

ಪೈಲಟ್ ಹವಾಮಾನವನ್ನು ವಿಚಾರಿಸದೆ ಹೊರಟವನಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಸಂಜೆ 5.30ರಿಂದ ಆರಂಭಿಸಿ ನಡುರಾತ್ರಿಯವರೆಗೆ ಅವನು ಹಲವು ಬಾರಿ ಮೇಸನ್ ಸಿಟಿಯ ವಾಯುಸಂಚಾರ ಸಂಪರ್ಕ ಕೇಂದ್ರದಿಂದ ವಿವರ ಕೇಳಿ ಪಡೆದಿದ್ದ, ಮತ್ತು ದಾರಿಯುದ್ದಕ್ಕೂ ಮೋಡಗಳು ಸಾಕಷ್ಟು ಎತ್ತರದಲ್ಲಿವೆ, ಹತ್ತು ಮೈಲಿ ದೂರದವರೆಗೂ ಕಾಣುತ್ತಿದೆ ಎಂಬ ಭರವಸೆಯ ಉತ್ತರಗಳೇ ಅವನಿಗೆ ಸಿಕ್ಕಿದ್ದವು. ಆದರೆ ವಾಯವ್ಯದ ಕಡೆಯಿಂದ ಶೀತಗಾಳಿಯ ಅಲೆಯೊಂದು, ಅಂದರೆ ಬೆಚ್ಚನೆಯ ಗಾಳಿಯನ್ನು ಮೇಲಕ್ಕೆ ದೂಡುತ್ತ ಹಿಮವನ್ನೂ ಬಿರುಗಾಳಿಯನ್ನೂ ಜೊತೆಗೆ ತರುವ ತಣ್ಣನೆಯ ಗಾಳಿಯ ಮುಂಚೂಣಿಯೊಂದು, ಅವನ ದಾರಿಗೆ ಎದುರಾಗಿ ಬರುತ್ತಿತ್ತು. ರಾತ್ರಿ 11.35ಕ್ಕೆ ಮಿನಿಯಾಪೊಲಿಸ್‌ನ ಹವಾಮಾನ ಕಚೇರಿಯು ಸುಮಾರು ನೂರು ಮೈಲಿ ಅಗಲದ ಹಿಮಪಾತದ ಪಟ್ಟಿಯೊಂದು ಆಗ್ನೇಯಕ್ಕೆ ಸರಿಯುತ್ತಿದೆ, ಅದರೊಳಗೆ ಎರಡು ಮೈಲಿಗಿಂತ ಆಚೆ ಕಾಣುವುದಿಲ್ಲ ಎಂದು ತುರ್ತು ಎಚ್ಚರಿಕೆ ಹೊರಡಿಸಿತು; 12.15ಕ್ಕೆ ಕಾನ್ಸಾಸ್ ಸಿಟಿಯ ಕಚೇರಿಯು ಐಯೋವಾದ ಬಹುಭಾಗವನ್ನೂ ಒಳಗೊಂಡ ಪ್ರದೇಶದಲ್ಲಿ ವಿಮಾನದ ಮೈಮೇಲೆ ಮಂಜುಗಡ್ಡೆ ಕಟ್ಟುವ ಅಪಾಯವಿದೆಯೆಂದು ಇನ್ನೊಂದು ಎಚ್ಚರಿಕೆ ಕಳುಹಿಸಿತು. ಈ ಎರಡರಲ್ಲಿ ಒಂದೂ ಪೈಲಟ್‌ಗೆ ತಲುಪಲಿಲ್ಲ, ಏಕೆಂದರೆ ಅವನಿಗೆ ಹವಾಮಾನ ಓದಿ ಹೇಳಿದವರು ಅವುಗಳತ್ತ ಅವನ ಗಮನ ಸೆಳೆಯಲಿಲ್ಲ. ಅವನು ಹೊರಡುವ ಹೊತ್ತಿಗೆ ಮೇಸನ್ ಸಿಟಿಯಲ್ಲೇ ಮೋಡದ ತಳ 3,000 ಅಡಿಗೆ ಇಳಿದಿತ್ತು, ಹಗುರವಾಗಿ ಹಿಮ ಬೀಳುತ್ತಿತ್ತು, ವಾಯುಭಾರ ಕುಸಿಯುತ್ತಿತ್ತು, ದಕ್ಷಿಣದ ಗಾಳಿ ರಭಸದಿಂದ ಬೀಸುತ್ತಿತ್ತು.

12.55ರ ಸುಮಾರಿಗೆ ದಕ್ಷಿಣಾಭಿಮುಖವಾಗಿ ಮೇಲೇರಿದ ವಿಮಾನ ಎಡಕ್ಕೆ ಅರ್ಧ ಸುತ್ತು ಹಾಕಿ, ನಿಲ್ದಾಣದ ಪೂರ್ವಕ್ಕೆ ಹಾದು, ವಾಯವ್ಯದ ಕಡೆಗೆ ಮುಖಮಾಡಿತು. ನಿಯಂತ್ರಣ ಗೋಪುರದ ಹೊರಗಿನ ಜಗಲಿಯಲ್ಲಿ ನಿಂತು ನೋಡುತ್ತಿದ್ದ ವಿಮಾನದ ಮಾಲೀಕರಿಗೆ ಅದರ ಬಾಲದ ಬಿಳಿ ದೀಪ ಸುಮಾರು ಐದು ಮೈಲಿ ಆಚೆ ಮೆಲ್ಲಮೆಲ್ಲನೆ ಕೆಳಗಿಳಿದು ಕಣ್ಮರೆಯಾದಂತೆ ಕಂಡಿತು. ಆಕಾಶಕ್ಕೇರಿದ ಮೇಲೆ ರೇಡಿಯೋ ಮೂಲಕ ತನ್ನ ಪ್ರಯಾಣದ ವಿವರ ಕೊಡುವುದಾಗಿ ಪೈಲಟ್ ಹೇಳಿದ್ದನಾದರೂ ಅವನ ದನಿ ಬರಲಿಲ್ಲ, ಕರೆದರೂ ಉತ್ತರವಿಲ್ಲ, ಫಾರ್ಗೋ ನಿಲ್ದಾಣದಲ್ಲೂ ಸುದ್ದಿಯಿಲ್ಲ. ಬೆಳಗ್ಗೆ ಮಾಲೀಕರೇ ಇನ್ನೊಂದು ವಿಮಾನದಲ್ಲಿ ಹುಡುಕುತ್ತ ಹೋದಾಗ 9.35ರ ಸುಮಾರಿಗೆ ಹಿಮ ಮುಚ್ಚಿದ ಕೂಳೆಹೊಲವೊಂದರ ಅಂಚಿನಲ್ಲಿ, ಮುಳ್ಳುತಂತಿಯ ಬೇಲಿಗೆ ಒರಗಿಕೊಂಡಂತೆ ಮುದ್ದೆಯಾಗಿ ಬಿದ್ದಿದ್ದ ಲೋಹದ ರಾಶಿ ಕಣ್ಣಿಗೆ ಬಿತ್ತು.

ಅವಶೇಷಗಳು ಹೇಳಿದ ಕಥೆ ತನಿಖೆಯ ಹೃದಯಭಾಗ. ಮೊದಲು ನೆಲಕ್ಕೆ ತಾಗಿದ್ದು ಬಲ ರೆಕ್ಕೆಯ ತುದಿ. ಅಲ್ಲಿಂದ 540 ಅಡಿ ದೂರ ಉರುಳುತ್ತ, ಚೂರಾಗುತ್ತ ಸಾಗಿದ ವಿಮಾನ ಬೇಲಿಯ ಬಳಿ ನಿಂತಿತ್ತು. ಚಕ್ರಗಳು ಒಳಗೆ ಮಡಚಿಕೊಂಡೇ ಇದ್ದವು, ಎಂದರೆ ಪೈಲಟ್ ಇಳಿಯಲು ಯತ್ನಿಸಿರಲಿಲ್ಲ. ನೆಲಕ್ಕೆ ಬಡಿಯುವ ಕ್ಷಣದಲ್ಲೂ ಇಂಜಿನ್ ಶಕ್ತಿ ಕೊಡುತ್ತಲೇ ಇತ್ತು. ಫಲಕದ ಮುಳ್ಳುಗಳು ಆ ಕೊನೆಯ ಕ್ಷಣವನ್ನು ಹಿಡಿದಿಟ್ಟುಕೊಂಡು ಸಿಕ್ಕಿಬಿದ್ದಿದ್ದವು: ವೇಗಸೂಚಕ ಗಂಟೆಗೆ 165 ಮತ್ತು 170 ಮೈಲಿಗಳ ನಡುವೆ, ಏರಿಳಿತದ ಸೂಚಕ ನಿಮಿಷಕ್ಕೆ 3,000 ಅಡಿ ಇಳಿತದಲ್ಲಿ, ವಿಮಾನದ ಓರೆಯನ್ನು ತೋರಿಸುವ ಉಪಕರಣ ಬಲಕ್ಕೆ 90 ಡಿಗ್ರಿ ವಾಲಿ ಮೂತಿ ಕೆಳಗಾದ ಸ್ಥಿತಿಯಲ್ಲಿ. ರೆಕ್ಕೆಗಳು ನೆಲಕ್ಕೆ ಲಂಬವಾಗಿ ನಿಂತಿದ್ದವು ಎಂದು ಇದರ ಅರ್ಥ. ಹಾಗಿದ್ದೂ ಒಳಗಿದ್ದವನಿಗೆ ವಿಮಾನ ನೆಟ್ಟಗೆ ಹೋಗುತ್ತಿದೆ ಎಂದೋ, ಮೇಲೇರುತ್ತಿದೆ ಎಂದೋ ಅನ್ನಿಸುತ್ತಿದ್ದಿರುವ ಸಾಧ್ಯತೆ ಹೆಚ್ಚು; ಇಂಥದ್ದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಮನುಷ್ಯನ ಕಿವಿಯೊಳಗಿದೆ.

ಒಳಕಿವಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಜೋಡಿಸಿದಂತಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ಒಳಗಿನ ದ್ರವ ಒಂದಿಷ್ಟು ಹಿಂದುಳಿಯುತ್ತದೆ, ಆ ವ್ಯತ್ಯಾಸವು ನಾಳದೊಳಗಿನ ನವಿರಾದ ರೋಮಗಳನ್ನು ಬಾಗಿಸಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ತಿರುಗುವಿಕೆ ಒಂದೇ ಸಮನೆ ಮುಂದುವರಿದರೆ ದ್ರವವೂ ನಾಳದ ವೇಗವನ್ನು ಹಿಡಿದುಬಿಡುವುದರಿಂದ, ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಸುದ್ದಿ ನಿಂತುಹೋಗಿ ತಿರುಗುತ್ತಲೇ ಇರುವ ವ್ಯಕ್ತಿಗೆ ತಾನು ಸ್ಥಿರವಾಗಿದ್ದೇನೆ ಎನ್ನಿಸತೊಡಗುತ್ತದೆ. ಆಮೇಲೆ ತಿರುಗುವುದು ನಿಂತಾಗ, ಗಿರಗಿರನೆ ಸುತ್ತಿ ಥಟ್ಟನೆ ನಿಂತ ಮಗುವಿಗೆ ಅಂಗಳವೇ ಸುತ್ತಿದಂತೆ ಕಾಣುವ ಹಾಗೆ, ದೇಹ ಎದುರು ದಿಕ್ಕಿಗೆ ತಿರುಗುತ್ತಿದೆ ಎಂಬ ಹುಸಿ ಸುದ್ದಿ ಬರುತ್ತದೆ. ತೀರಾ ನಿಧಾನವಾಗಿ ಆರಂಭವಾದ ತಿರುವನ್ನಂತೂ ಈ ನಾಳಗಳು ಗುರುತಿಸುವುದೇ ಇಲ್ಲ. ನೆಲದ ಮೇಲೆ ಬದುಕುವವರಿಗೆ ಈ ಕೊರತೆ ತೊಂದರೆ ಕೊಡದಿರಲು ಕಾರಣ, ಕಣ್ಣು ಪ್ರತಿಕ್ಷಣವೂ ಕಿವಿಯ ತಪ್ಪನ್ನು ತಿದ್ದುತ್ತಿರುವುದು. ಚಂದ್ರನಿಲ್ಲದ, ಮೋಡ ಕವಿದ ರಾತ್ರಿಯಲ್ಲಿ, ಊರುಗಳೇ ವಿರಳವಾದ ಬಯಲಿನ ಮೇಲೆ, ಕೆಳಗೆ ಒಂದು ದೀಪವೂ ಇಲ್ಲದೆ, ಹಿಮ ಹೊದ್ದ ನೆಲವೂ ಹಿಮ ಸುರಿಸುವ ಆಕಾಶವೂ ಒಂದೇ ಆಗಿಹೋದಾಗ ಆ ತಿದ್ದುವಿಕೆ ನಿಲ್ಲುತ್ತದೆ.

ಆಗ ನಡೆಯುವುದು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ. ಒಂದು ರೆಕ್ಕೆ ಪೈಲಟ್‌ನ ಅರಿವಿಗೆ ಬಾರದಷ್ಟು ಮೆಲ್ಲಗೆ ತಗ್ಗುತ್ತದೆ, ವಿಮಾನ ತಿರುಗತೊಡಗುತ್ತದೆ, ಓರೆಯಾದ ರೆಕ್ಕೆಗಳು ಭಾರವನ್ನು ಪೂರ್ತಿ ಎತ್ತಲಾರದೆ ಮೂತಿ ಬಾಗಿ ವೇಗ ಹೆಚ್ಚುತ್ತದೆ. ಎತ್ತರ ಕಳೆದುಕೊಳ್ಳುತ್ತಿರುವುದನ್ನು ಗಮನಿಸಿದ ಪೈಲಟ್, ರೆಕ್ಕೆಗಳು ಮಟ್ಟಸವಾಗಿಯೇ ಇವೆ ಎಂಬ ನಂಬಿಕೆಯಲ್ಲಿ ಚುಕ್ಕಾಣಿಯನ್ನು ತನ್ನೆಡೆಗೆ ಎಳೆಯುತ್ತಾನೆ, ಆ ಎಳೆತದಿಂದ ವಿಮಾನ ಮೇಲೇರುವ ಬದಲು ತಿರುವು ಇನ್ನಷ್ಟು ಬಿಗಿಯಾಗಿ, ಇಳಿತ ಇನ್ನಷ್ಟು ಕಡಿದಾಗುತ್ತದೆ. ಪೈಲಟ್‌ಗಳು ಇದನ್ನು 'ಗ್ರೇವ್‌ಯಾರ್ಡ್ ಸ್ಪೈರಲ್', ಅಂದರೆ ಮಸಣದ ಸುರುಳಿ ಎನ್ನುತ್ತಾರೆ. ಕ್ಲಿಯರ್ ಲೇಕ್‌ನ ಅಪಘಾತಕ್ಕೆ ಐದು ವರ್ಷ ಮೊದಲೇ, 1954ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದ್ದರು: ಉಪಕರಣ ತರಬೇತಿಯಿಲ್ಲದ 20 ಮಂದಿಯನ್ನು ಬೊನಾನ್ಜಾ ವಿಮಾನದಲ್ಲೇ ಕೂರಿಸಿ, ಹೊರಗಿನ ನೋಟವನ್ನು ಮರೆಮಾಡಿದಾಗ ಇಪ್ಪತ್ತಕ್ಕೆ ಇಪ್ಪತ್ತು ಮಂದಿಯೂ ನಿಯಂತ್ರಣ ಕಳೆದುಕೊಂಡರು, ಹತ್ತೊಂಬತ್ತು ಮಂದಿ ಇದೇ ಸುರುಳಿಗೆ ಸಿಕ್ಕಿದರು. ನೋಟ ಮರೆಯಾದ ಗಳಿಗೆಯಿಂದ ನಿಯಂತ್ರಣ ತಪ್ಪುವವರೆಗೆ ಸರಾಸರಿ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಇಲ್ಲ. ಅತಿ ಬೇಗ ಸೋತವನಿಗೆ ಸಿಕ್ಕಿದ್ದು 20 ಸೆಕೆಂಡು ಮಾತ್ರ. ಆ ಪ್ರಯೋಗದ ಉದ್ದೇಶ ಹೆದರಿಸುವುದಾಗಿರಲಿಲ್ಲ, ಕಣ್ಣು ಕಟ್ಟಿದಂತಾದಾಗ ವಿಮಾನವನ್ನು ನಿಧಾನಗೊಳಿಸಿ, ಶಾಂತವಾಗಿ ಅರ್ಧ ಸುತ್ತು ತಿರುಗಿಸಿ, ಬಂದ ದಾರಿಯಲ್ಲೇ ಹಿಂದಿರುಗುವ ಸರಳ ಕ್ರಮವೊಂದನ್ನು ಕಲಿಸುವುದಾಗಿತ್ತು, ಮತ್ತು ಕಲಿಸಿದ ಮೇಲೆ ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದನ್ನು ಯಶಸ್ವಿಯಾಗಿ ಮಾಡಿದರು ಎಂಬುದು ಅಷ್ಟೇ ಮುಖ್ಯವಾದ ಮಾತು.

ಕಿವಿಯನ್ನು ನಂಬಲಾಗದ ಪೈಲಟ್‌ಗೆ ಉಳಿಯುವ ಆಸರೆ ಕೃತಕ ದಿಗಂತ. ರಭಸದಿಂದ ತಿರುಗುವ ಬುಗುರಿ ತನ್ನ ನಿಲುವನ್ನು ಬಿಟ್ಟುಕೊಡದೆ ನಿಲ್ಲುವ ಗುಣವನ್ನು ಬಳಸಿಕೊಂಡ ಉಪಕರಣವಿದು: ಒಳಗಿನ ಗೈರೋಸ್ಕೋಪ್ ಎಂಬ ಬುಗುರಿ ತನ್ನ ಅಕ್ಷದಲ್ಲಿ ಸ್ಥಿರವಾಗಿದ್ದು, ಅದರ ಸುತ್ತ ವಿಮಾನ ವಾಲಿದಂತೆಲ್ಲ ಗಾಜಿನ ಹಿಂದಿನ ಗೆರೆ ನಿಜವಾದ ದಿಗಂತದಂತೆಯೇ ಓರೆಯಾಗಿ, ಮೇಲೆ ಕೆಳಗೆ ಸರಿದು ತೋರಿಸುತ್ತದೆ. ಅಪಘಾತಕ್ಕೀಡಾದ ವಿಮಾನದಲ್ಲಿದ್ದದ್ದು ಸ್ಪೆರಿ ಎಫ್-3 ಎಂಬ ಮಾದರಿ. ಅದರಲ್ಲಿ ಪುಟ್ಟ ವಿಮಾನದ ಚಿತ್ರದ ಹಿಂದೆ ಗೋಳವೊಂದು ತೇಲುತ್ತ, ಮೂತಿ ಮೇಲಾಗಿದೆಯೋ ಕೆಳಗಾಗಿದೆಯೋ ಎಂಬುದನ್ನು ಸಾಮಾನ್ಯ ಕೃತಕ ದಿಗಂತಕ್ಕೆ ಸರಿಯಾಗಿ ವಿರುದ್ಧವಾದ ರೀತಿಯಲ್ಲಿ ತೋರಿಸುತ್ತಿತ್ತು. ಪೈಲಟ್ ತರಬೇತಿ ಪಡೆದದ್ದು ಸಾಮಾನ್ಯ ಮಾದರಿಯ ಮೇಲೆ. ಕೈಗೆ ರೂಢಿಯಾದ ನಲ್ಲಿ ಒಂದು ದಿನ ತೆರೆಯುವ ದಿಕ್ಕಿಗೆ ಮುಚ್ಚಿಕೊಂಡರೆ ಹಗಲಿನಲ್ಲಿ, ಬಿಡುವಾಗಿದ್ದಾಗ, ಅದು ಕ್ಷಣಮಾತ್ರದ ಗೊಂದಲ. ಆದರೆ ಕತ್ತಲೆಯಲ್ಲಿ, ಗಾಳಿಯ ಕುಲುಕಾಟದಲ್ಲಿ, ಗಾಬರಿಯ ನಡುವೆ ಕೈ ಹಳೆಯ ರೂಢಿಗೇ ಮರಳುತ್ತದೆ. ಇಳಿಯುವ ತಿರುವಿನಲ್ಲಿದ್ದ ವಿಮಾನವನ್ನು ಅವನು ಏರುವ ತಿರುವಿನಲ್ಲಿದೆ ಎಂದು ಭಾವಿಸಿದ್ದಿರಬಹುದು ಎಂದು ತನಿಖೆ ನಡೆಸಿದ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಅಭಿಪ್ರಾಯಪಟ್ಟಿತು.

1959ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಬೋರ್ಡಿನ ವರದಿ ಸಂಭವನೀಯ ಕಾರಣವಾಗಿ ಮುಂದಿಟ್ಟದ್ದು ಪೈಲಟ್‌ನ ನಿರ್ಧಾರವನ್ನು: ಉಪಕರಣಗಳನ್ನೇ ನಂಬಿ ಹಾರಬೇಕಾದ ಪರಿಸ್ಥಿತಿಯಲ್ಲಿ, ಅದಕ್ಕೆ ಅರ್ಹತೆಯಿಲ್ಲದಿದ್ದರೂ ಹೊರಟದ್ದು ಅವಿವೇಕವೆಂದು ಅದು ತೀರ್ಮಾನಿಸಿತು, ಹವಾಮಾನ ಮಾಹಿತಿಯಲ್ಲಿನ ಗಂಭೀರ ಕೊರತೆಯನ್ನೂ ಉಪಕರಣದ ಅಪರಿಚಿತತೆಯನ್ನೂ ಜೊತೆಗೂಡಿದ ಕಾರಣಗಳೆಂದು ಹೆಸರಿಸಿತು. ಈ ತೀರ್ಮಾನದಲ್ಲಿ ತಪ್ಪು ಹುಡುಕುವುದು ಕಷ್ಟ, ಆದರೆ ಅದರ ಅನುಕ್ರಮವನ್ನು ಜನ ನೆನಪಿಟ್ಟುಕೊಂಡ ರೀತಿ ನ್ಯಾಯವಾದದ್ದಲ್ಲ. ಮೊದಲ ವಾಕ್ಯ ಎಲ್ಲರ ಬಾಯಲ್ಲಿ ಉಳಿಯಿತು, ಎರಡನೆಯದು ಕಡತದಲ್ಲಿ ಉಳಿಯಿತು. ಮತ್ತೆ ಮತ್ತೆ ವಿಚಾರಿಸಿದ ಇಪ್ಪತ್ತೊಂದರ ಯುವಕನಿಗೆ ಆ ಎರಡು ಎಚ್ಚರಿಕೆಗಳಲ್ಲಿ ಒಂದನ್ನಾದರೂ ಯಾರಾದರೂ ಓದಿ ಹೇಳಿದ್ದರೆ ಅವನು ಹೊರಡುತ್ತಿದ್ದನೇ ಎಂಬ ಪ್ರಶ್ನೆ, ಅನುತ್ತೀರ್ಣನಾದ ಪರೀಕ್ಷೆಯಷ್ಟೇ ತೂಕದ ಪ್ರಶ್ನೆ. ಅಪಘಾತದ ಹಿಂದೆಯೇ ಹುಟ್ಟಿದ ವದಂತಿಗಳಿಗೂ ಕೊರತೆಯಿರಲಿಲ್ಲ. ಹಾಲಿಯ ಬಳಿಯಿದ್ದ ಪಿಸ್ತೂಲು ಹೊಲದಲ್ಲಿ ಸಿಕ್ಕಿದ್ದರಿಂದ ವಿಮಾನದೊಳಗೆ ಗುಂಡು ಹಾರಿತೆಂಬ ಮಾತು ದಶಕಗಳ ಕಾಲ ಉಳಿದು, 2007ರಲ್ಲಿ ರಿಚರ್ಡ್‌ಸನ್‌ನ ದೇಹವನ್ನು ಸಮಾಧಿಯಿಂದ ಹೊರತೆಗೆದು ಪರೀಕ್ಷಿಸಿದಾಗಲೇ ಅದಕ್ಕೆ ತೆರೆಬಿದ್ದಿತು: ಗುಂಡಿನ ಗುರುತಿರಲಿಲ್ಲ, ಅಪ್ಪಳಿಸಿದ ಕ್ಷಣದಲ್ಲೇ ಸಾವು ಬಂದಿತ್ತು.

ನಲವತ್ತು ವರ್ಷಗಳ ನಂತರ, 1999ರ ಜುಲೈ 16ರ ರಾತ್ರಿ, ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ನಡೆಸುತ್ತಿದ್ದ ಪೈಪರ್ ಸರಟೋಗಾ ವಿಮಾನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು, ಅವರೊಡನೆ ಪತ್ನಿಯೂ ಪತ್ನಿಯ ಸಹೋದರಿಯೂ ಮಡಿದರು. ಅಲ್ಲಿ ಹಿಮವಿರಲಿಲ್ಲ, ಬಿರುಗಾಳಿಯಿರಲಿಲ್ಲ. ಇದ್ದದ್ದು ಬೇಸಿಗೆಯ ಮಬ್ಬು ಮತ್ತು ದೀಪವಿಲ್ಲದ ನೀರು. ಉಪಕರಣ ಹಾರಾಟದ ಅರ್ಹತೆ ಅವರಿಗೂ ಇರಲಿಲ್ಲ, ದಿಕ್ಕಿನ ಅರಿವು ತಪ್ಪಿದ್ದರಿಂದಲೇ ನಿಯಂತ್ರಣ ಕೈತಪ್ಪಿತು ಎಂಬ ನಿರ್ಣಯಕ್ಕೇ ಅಲ್ಲಿನ ತನಿಖೆಯೂ ಬಂದಿತು. ಭಾರತದಲ್ಲಿ ಸಣ್ಣ ವಿಮಾನಗಳು ಚುನಾವಣೆ, ಸಭೆ, ಸಮಾರಂಭಗಳ ಗಡುವಿಗೆ ಕಟ್ಟುಬಿದ್ದು ಹಾರುವುದು ಸಾಮಾನ್ಯವಾಗಿದ್ದು, 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಹೊರಟಿದ್ದ ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ಅವರ ಸಣ್ಣ ವಿಮಾನ ಕೆಟ್ಟ ಹವಾಮಾನದಲ್ಲಿ ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಬಿದ್ದು ಅದರಲ್ಲಿದ್ದ ಎಂಟೂ ಮಂದಿ ಸತ್ತದ್ದನ್ನು ಹಿರಿಯ ಓದುಗರು ಮರೆತಿರಲಾರರು. ಕಣ್ಣಿನ ಹಾರಾಟವನ್ನು ಸೂರ್ಯಾಸ್ತದ ನಂತರ ಸಾಮಾನ್ಯವಾಗಿ ಒಪ್ಪದ ಭಾರತದ ನಿಯಮವು ಕೆಲವರಿಗೆ ಅತಿ ಬಿಗಿಯೆನ್ನಿಸಬಹುದು, ಆದರೆ ಆ ಬಿಗಿಯ ಹಿಂದಿರುವುದು ಮೇಲೆ ಹೇಳಿದ ಕಿವಿಯ ಲೆಕ್ಕವೇ.

ಕ್ಲಿಯರ್ ಲೇಕ್‌ನ ಹೊಲದಲ್ಲಿ ಹಿಮ ಕರಗಿದ ಮೇಲೆ, 1959ರ ವಸಂತದಲ್ಲಿ, ಹಾಲಿಯ ಗುರುತೇ ಆಗಿದ್ದ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಸಿಕ್ಕಿತು. ಅದನ್ನು ಲಕೋಟೆಯೊಂದರಲ್ಲಿ ಹಾಕಿ ಜಿಲ್ಲೆಯ ಅಧಿಕಾರಿಗಳ ಕಡತಗಳ ನಡುವೆ ಇಟ್ಟವರು ಮರೆತರು. 1980ರಲ್ಲಿ ಹಳೆಯ ಕಡತಗಳನ್ನು ತೆಗೆಯುವಾಗ ಅದು ರಿಚರ್ಡ್‌ಸನ್‌ನ ಕೈಗಡಿಯಾರದೊಂದಿಗೆ ಮತ್ತೆ ಬೆಳಕು ಕಂಡು, ಆರು ತಿಂಗಳ ದಾಂಪತ್ಯದ ನಂತರ ವಿಧವೆಯಾದ ಹಾಲಿಯ ಪತ್ನಿಗೆ ಸೇರಿತು, ಈಗ ಹಾಲಿಯ ಹುಟ್ಟೂರಾದ ಟೆಕ್ಸಾಸ್‌ನ ಲಬಕ್‌ನಲ್ಲಿದೆ. ವಿಮಾನ ಬಿದ್ದ ಜಾಗಕ್ಕೆ ಹೋಗುವ ಕಾಲುದಾರಿ ಆರಂಭವಾಗುವಲ್ಲಿ ಅದೇ ಕನ್ನಡಕದ ಆಳೆತ್ತರದ ಪ್ರತಿಕೃತಿ ನಿಂತಿದೆ. ಹೊಲದ ಬೇಲಿಯಂಚಿಗೆ ನಡೆದು ಹೋದವರಿಗೆ 1988ರಲ್ಲಿ ಅಭಿಮಾನಿಯೊಬ್ಬರು ಉಕ್ಕಿನಲ್ಲಿ ಮಾಡಿಟ್ಟ ಗಿಟಾರ್ ಮತ್ತು ಮೂವರು ಗಾಯಕರ ಹೆಸರು ಹೊತ್ತ ಮೂರು ಧ್ವನಿಮುದ್ರಿಕೆಗಳ ಸ್ಮಾರಕ ಕಾಣುತ್ತದೆ. ಅದರ ಪಕ್ಕದಲ್ಲಿ ಪೈಲಟ್‌ನ ಹೆಸರಿನ ರೆಕ್ಕೆಗಳಿವೆ. ಅವು ಅಲ್ಲಿಗೆ ಬಂದದ್ದು 2009ರಲ್ಲಿ, ಅಪಘಾತ ನಡೆದು 50 ವರ್ಷಗಳಾದ ಮೇಲೆ.